ಸಪ್ಪಳ ಕಲಿಯುತ್ತಿದ್ದ ಓಬಣ್ಣ

ಓಬಣ್ಣನ ತಲೆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ಕೂಡ್ಲಿಗಿ ಬಸ್ಸಿನಲ್ಲಿ ತೂಕಡಿಸುತ್ತ ಕಿಟಕಿಯ ಕಡೆ ವಾಲಿದ. ಕಿವಿಯ ಹಿಂದೆ, ಕೂದಲ ಮೇಲಿದ್ದ ಕೇಳಿಸುವ ಯಂತ್ರದ ಬಿಲ್ಲೆ ತಲೆ ಬಿಟ್ಟು ಕಿಟಕಿಯ ಸರಳಿಗೆ ಹತ್ತಿಕೊಂಡಿತು. ಲೋಕದ ಸದ್ದೆಲ್ಲ ಒಟ್ಟಿಗೇ ನಿಂತಿತು. ಊರು ಬಂದು ಎಂಜಿನ್ ಆಫ್ ಆಯಿತೆಂದುಕೊಂಡ ಓಬಣ್ಣ ಅರೆನಿದ್ದೆಯಲ್ಲೇ ಚೀಲ ಹೆಗಲಿಗೇರಿಸಿ, ಓಡುವ ಬಸ್ಸಿನಿಂದ ಇಳಿಯಲು ಹೊರಟ. ಕಂಡಕ್ಟರು ಅಂಗಿ ಹಿಡಿದೆಳೆದು ಕೂರಿಸಿದ.

ನಾನು ಗುಡೇಕೋಟೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದಾಗ ಅವನು ಪಕ್ಕದ ಮನೆಯವನು. ಎರಡೂ ಕಿವಿಯ ನರಗಳ ಮೇಲೆ ಗಂಟು ಬೆಳೆದು, ಅವನ್ನು ತೆಗೆಯುವಾಗ ನರಗಳೂ ಹೋಗಿ, ಪೂರ್ತಿ ಕಿವುಡನಾಗಿದ್ದ. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮೆದುಳಿನ ಬುಡದಲ್ಲೇ ಒಂದು ಸಣ್ಣ ಸಾಧನ ಕೂರಿಸಿದರು. ಹೊರಗಿನ ಬಿಲ್ಲೆ ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡು ಒಳಕ್ಕೆ ಸದ್ದು ಕಳಿಸುತ್ತಿತ್ತು. ಕೇಳಿದವರಿಗೆಲ್ಲ ಓಬಣ್ಣನದು ಒಂದೇ ವಿವರಣೆ: “ಕಂಬದಿಂದ ಮನಿಗಿ ಬರೋ ವೈರು ಹರದೈತ್ರಿ. ಅದಕ್ಕ ಸೀದಾ ಮೀಟರ್ ಬೋರ್ಡಿಗೇ ಕನೆಕ್ಷನ್ ಕೊಟ್ಟಾರ.”

ಕನೆಕ್ಷನ್ ಬಂತು, ಮಾತು ಬರಲಿಲ್ಲ. ಸದ್ದು ಕೇಳೀತು, ಮಾತು ತಿಳಿಯುತ್ತದೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಎದುರಿಗಿದ್ದವರ ತುಟಿ ನೋಡುತ್ತಿದ್ದರೆ ಆ ಸದ್ದು ಮಾತಾಗುತ್ತಿತ್ತು. ಅವರು ಮುಖ ತಿರುಗಿಸಿದರೆ ಬರೀ ಸಪ್ಪಳ. ಯಾವ ಸಪ್ಪಳ ಯಾವುದರದೆಂದು ಒಂದೊಂದಾಗಿ ಕಲಿಯಬೇಕಿತ್ತು. ಮೊದಮೊದಲು ಹೆಂಡತಿ ಬೋರಮ್ಮ ರೊಟ್ಟಿ ಬಡಿಯತೊಡಗಿದರೆ ಇವನು ಹೋಗಿ ಬಾಗಿಲು ತೆಗೆದು, ಖಾಲಿ ಬೀದಿಗೆ “ಬರ್ರಿ, ಒಳಗ ಬರ್ರಿ” ಎನ್ನುತ್ತಿದ್ದ.

ಕಿವುಡನಾಗಿದ್ದಾಗ ಅವನ ದನಿ ಊರು ದಾಟುತ್ತಿತ್ತು. ಹೆಂಡತಿಗೆ ಗುಟ್ಟಾಗಿ ಹೇಳಿದ್ದಕ್ಕೆ ಬಸ್ ಸ್ಟ್ಯಾಂಡಿನವರು ಸಲಹೆ ಕೊಡುತ್ತಿದ್ದರು. ಈಗ ತನ್ನ ದನಿ ತನಗೇ ಕೇಳಿ, ನಾಚಿಕೊಂಡು, ಪಿಸುಮಾತಿಗೆ ಇಳಿದಿದ್ದ. “ಆಗ ಊರಿಗೆಲ್ಲ ಕೇಳ್ತಿತ್ರಿ, ಈಗ ನನಗೂ ಕೇಳವಲ್ದು” ಎಂದು ಬೋರಮ್ಮ ಗೊಣಗುತ್ತಿದ್ದಳು.

ಅವನ ಆಸೆ ಒಂದೇ: ಗುಡ್ಡದ ಬುಡದ ತನ್ನ ಶೇಂಗಾ ಹೊಲಕ್ಕೆ ಮೊದಲಿನ ಹಾಗೆ ಒಬ್ಬನೇ ಹೋಗಿಬರುವುದು. ಆದರೆ ಆ ಗುಡ್ಡ ಕರಡಿಗಳದ್ದು. ಬೆಳಗಿನ ಹೊತ್ತು ಆ ದಾರಿ ಹಿಡಿದವರು ಕೆಮ್ಮುತ್ತ, ಜೋರಾಗಿ ಮಾತಾಡುತ್ತ ನಡೆಯುತ್ತಾರೆ; ದನಿ ಕೇಳಿದರೆ ಕರಡಿ ತಾನೇ ಸರಿದುಕೊಳ್ಳುತ್ತದೆ. ಕರಡಿಯ ಸಪ್ಪಳ ಗುರುತು ಹಿಡಿಯುವ ತನಕ ಒಬ್ಬನೇ ಹೋಗುವಂತಿಲ್ಲವೆಂದು ಬೋರಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. ನಾನು ಫೋನಿನಲ್ಲಿ ಕರಡಿಯ ವಿಡಿಯೊ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, “ಟ್ರ್ಯಾಕ್ಟರ್” ಎಂದ. ಅಲ್ಲಿಗೆ ಅವನ ಬೆಳಗಿನ ಕಾವಲಿಗೆ ನಾನು ನೇಮಕಗೊಂಡೆ.

ಅವನ ಜೊತೆ ನಡೆಯುವುದೆಂದರೆ ಬಾಯಿಪರೀಕ್ಷೆ. ಸಪ್ಪಳ ಕಲಿಯಬೇಕು, ನೀವು ಸುಮ್ಮನಿರ್ರಿ ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದ್ದ. ಆಗಾಗ ನಿಂತು, ನನ್ನ ಮುಖ ನೋಡುತ್ತ ಕೇಳುತ್ತಿದ್ದ.

“ಅದೇನ್ರಿ ಸಪ್ಪಳ?”

“ಕೌಜುಗ ಹಕ್ಕಿ.”

“ಇದು?”

“ನಿನ್ನ ಚಪ್ಪಲಿ.”

ಹಾಗೆ ಊರ ರೂಢಿ ಮುರಿದು, ಇಬ್ಬರು ಕಳ್ಳರಂತೆ ನಡೆಯುತ್ತಿದ್ದ ಒಂದು ಬೆಳಿಗ್ಗೆ ಅವನು ಮತ್ತೆ ನಿಂತ. “ಅದೇನ್ರಿ ಸಪ್ಪಳ?” ನನಗೂ ಕೇಳಿಸಿತ್ತು: ಬುಸ್ ಬುಸ್ ಎಂದು ಗಾಳಿ ಊದಿ, ಎಳೆದುಕೊಳ್ಳುವ ಸದ್ದು. ಯಾರೋ ಔಷಧಿ ಹೊಡೆಯುತ್ತಿದ್ದಾರೆ, ಪಂಪು ಎಂದೆ. ಅವನು “ಪಂಪು” ಎಂದು ಬಾಯಿಪಾಠ ಮಾಡಿಕೊಂಡ. ಆಮೇಲೆ ಸುತ್ತ ನೋಡಿ, ಹೊಲದಾಗ ಯಾರೂ ಇಲ್ಲಲ್ರಿ ಎಂದ. ಆಗ ನಾನು ತಿರುಗಿದೆ.

ಬಂಡೆಯ ಪಕ್ಕದ ಹುತ್ತದೊಳಗಿಂದ ಮೂತಿ ಹೊರತೆಗೆದು ಕರಡಿ ಎದ್ದು ನಿಂತಿತು. ಮೂತಿಗೆಲ್ಲ ಕೆಂಪು ಮಣ್ಣು. ಎದೆಯ ಮೇಲಿನ ಬಿಳಿ ಗೆರೆ ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಕೂಗಬೇಕೆಂದು ಬಾಯಿ ತೆರೆದೆ, ಸ್ವರ ಬರಲಿಲ್ಲ. ಓಬಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದ.

“ಬಾಯಿ ಸರಿಯಾಗಿ ತೆರೀರಿ ಸರ. ತಿಳಿಯವಲ್ದು.”

ನನ್ನ ಬೆರಳು ಮಾತ್ರ ಹೇಗೋ ಮೇಲೆದ್ದಿತು. ಅವನು ತಿರುಗಿ ನೋಡಿದ. ಗಡಿಬಿಡಿಯಿಲ್ಲದೆ ತಲೆಯ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ತನ್ನ ದನಿ ತನಗೆ ಹೊಡೆಯುತ್ತದೆ ಎಂಬ ಅಂಜಿಕೆ ತಪ್ಪಿದ್ದೇ, ಹಳೆಯ ಗಂಟಲು ತೆರೆಯಿತು.

“ಏನಲೇ, ನಿಮ್ಮಪ್ಪನ ಹೊಲ ಏನಲೇ ಇದು. ನಡೀಲೇ ಆ ಕಡಿಗಿ.”

ಬಂಡೆಗಳು ಆ ಮಾತನ್ನು ತಿರುಗಿ ಅಂದವು. ಕರಡಿ ಒಂದು ಗಳಿಗೆ ತಲೆದೂಗಿ, ನಾಲ್ಕು ಕಾಲಿಗಿಳಿದು, ಬೈಸಿಕೊಂಡ ನೆಂಟನಂತೆ ಪೊದೆಯೊಳಗೆ ಹೋಯಿತು. ಓಬಣ್ಣ ಬಿಲ್ಲೆಯನ್ನು ಹಚ್ಚಿಕೊಂಡು, ಮತ್ತೆ ಪಿಸುದನಿಗಿಳಿದು ಹೇಳಿದ: “ಲಗೂನ ಬೈದು ತಪ್ಪು ಮಾಡಿದ್ನಿ ಸರ. ಅದು ಇನ್ನೊಂದೀಟು ಉಸಿರು ಬಿಟ್ಟಿದ್ರ ಪಕ್ಕಾ ಕಲೀತಿದ್ನಿ.”

ತರಗತಿಯಲ್ಲಿ ಯಾರಾದರೂ ಮೂಗಿನಲ್ಲಿ ಬುಸ್ಸೆಂದರೆ ನಾನು ಈಗಲೂ ಮೊದಲು ಕಿಟಕಿ ನೋಡುತ್ತೇನೆ.

ಮನೆಗೆ ಬಂದವನು ಕರಡಿಯ ಸಪ್ಪಳ ಕಲಿತೆನೆಂದು ಹೆಂಡತಿಯ ಮುಂದೆ ಬೀಗಿದ. ಬೋರಮ್ಮ ಅಷ್ಟಕ್ಕೆ ಬಿಡುವವಳಲ್ಲ. ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ಮೊರ ಬಡಿದಳು, ಒಲೆ ಊದಿದಳು, ನನ್ನ ಸೈಕಲ್ಲಿಗೆ ಗಾಳಿಯನ್ನೂ ಹೊಡೆದಳು. ಅವನು ಒಂದಕ್ಕೂ ಕರಡಿ ಎನ್ನಲಿಲ್ಲ. ಕೊನೆಗೆ ನನಗೆ ಸನ್ನೆ ಮಾಡಿದಳು. ಎಂ.ಎಸ್ಸಿ. ಮಾಡಿದ ನಾನು ಅಂಗಳದಲ್ಲಿ ಮಂಡಿಯೂರಿ, ನೆನಪಿದ್ದಷ್ಟು ಬುಸುಗುಟ್ಟಿದೆ. ಓಬಣ್ಣ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ.

“ಇದು ನಮ್ಮ ಸರ. ಕರಡಿ ಹಿಂಗ ನಡುಗತಿರಲಿಲ್ಲ.”

ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ನಿಂತ ಮೇಲೂ ಸೆರಗು ಬಾಯಿಂದ ಇಳಿಯಲಿಲ್ಲ. ನಾಳೆ ಹೋಗು, ಆದರೆ ಬೈಯುತ್ತ ಹೋಗು ಎಂದಳು.

ಆ ವರ್ಷವೇ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಹೇಳಿಹೋಗೋಣವೆಂದು ಅವರ ಬಾಗಿಲು ತಟ್ಟಿದೆ. ಬೋರಮ್ಮ ಬಂದಳು.

“ಗುಡ್ಡಕ್ಕ ಹೋಗ್ಯಾನ್ರಿ. ಒಬ್ಬನ.”

ಕಾಫಿ ಕುಡಿದು ಹೋಗಿರೆಂದವಳು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತು, ನನಗೂ ಸುಮ್ಮನಿರಲು ಕೈಸನ್ನೆ ಮಾಡಿ, ಬೈಗುಳ ಕೇಳೀತೇ ಎಂದು ಗುಡ್ಡದ ಕಡೆ ಕಿವಿಕೊಟ್ಟಳು.