ಸದ್ದು ಮಾಡದ ಗೂಡು

ಮನುಷ್ಯನಿಗೆ ಕೊನೆಯವರೆಗೂ ನಿಷ್ಠೆಯಿಂದಿರುವುದು ಅವನ ಎರಡು ಕೈಗಳು ಮಾತ್ರ ಎಂದು ನಾನು ಬಹುಕಾಲ ನಂಬಿದ್ದೆ. ಹೋದ ವರ್ಷದಿಂದ ನನ್ನ ಅಂಗಿಯ ಗುಂಡಿಗಳನ್ನು ಹೆಂಡತಿ ಹಾಕುತ್ತಾಳೆ.

ಶಿಡ್ಲಘಟ್ಟದ ಮನೆಯಿಂದ ಹೊರಟು ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಂದು ಶಾಲೆಯಿಂದ ಶಾಲೆಗೆ ಬಸ್ಸು ಹತ್ತಿ ಜಾದೂ ಮಾಡಿದವನು ನಾನು. ಬರಿಗೈಯ ಜಾದೂ. ಕಳ್ಳತಳದ ಪೆಟ್ಟಿಗೆ, ಸ್ಪ್ರಿಂಗಿನ ಡಬ್ಬಿ ಹೊತ್ತು ಬರುವವರನ್ನು ಜಾದೂಗಾರರೆಂದು ಒಪ್ಪುತ್ತಿರಲಿಲ್ಲ. ಪಾತ್ರೆ ಅಂಗಡಿಯವರು ಎನ್ನುತ್ತಿದ್ದೆ.

ನನ್ನ ಹೆಸರು ನಿಂತಿದ್ದು ಒಂದೇ ಆಟದ ಮೇಲೆ. ರೇಷ್ಮೆಗೂಡೊಂದನ್ನು ಜನರ ಕೈಗೆ ಕೊಟ್ಟು ‘ಪರೀಕ್ಷೆ ಮಾಡಿ’ ಎನ್ನುವುದು. ನಮ್ಮ ಕಡೆಯವರ ಕೈಗೆ ಗೂಡು ಬಂದರೆ ಅದು ಮೊದಲು ಹೋಗುವುದು ಕಿವಿಯ ಹತ್ತಿರ. ಅಲ್ಲಾಡಿಸಿದಾಗ ಒಳಗಿನ ಹುಳ ಟಕ್ ಟಕ್ ಎನ್ನಬೇಕು. ಅವರು ತೃಪ್ತರಾಗಿ ಹಿಂತಿರುಗಿಸಿದ ಮೇಲೆ ನಾನು ಮುಷ್ಟಿ ಕಟ್ಟಿ ಬಿಚ್ಚುತ್ತಿದ್ದೆ. ಗೂಡು ಮಾಯ, ಅಂಗೈಯಲ್ಲಿ ಹಳದಿ ರೇಷ್ಮೆ ಕರ್ಚೀಫು. ಅಷ್ಟೂ ಬೆರಳುಗಳ ಕೆಲಸ.

ಆ ಬೆರಳುಗಳು ಗಂಟುಕಟ್ಟಿದವು. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿಟ್ಟರೂ ಗೂಡನ್ನು ಬಚ್ಚಿಡುವ ಬದಲು ನೆಲಕ್ಕೆ ಬೀಳಿಸುತ್ತಿದ್ದವು. ದಿಬ್ಬೂರಹಳ್ಳಿಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಉಳಿದಿತ್ತು.

“ಪಾತ್ರೆ ಅಂಗಡಿ ಇಡೋದೇ ವಾಸಿ ಕಣ್ರೀ,” ಎಂದಳು ಹೆಂಡತಿ, ಬಿದ್ದ ಗೂಡನ್ನು ಎತ್ತಿಕೊಡುತ್ತಾ.

“ಅದೂ ಆಗ್ಲಿಲ್ಲ ಅಂದ್ರೆ ಜಾದೂನೇ ಬಿಟ್ಬಿಡ್ತೀನಿ.”

“ಆಗ್ಲಿಲ್ಲ ಅಂದ್ರೆ ನೋಡಣ. ಬ್ಲೇಡ್ ಕೊಡಿ ಇಲ್ಲಿ.”

ಅವಳೇ ಗೂಡಿನ ತುದಿ ಕೊಯ್ದು, ಹುಳ ತೆಗೆದು, ತೆಳ್ಳನೆಯ ಕರ್ಚೀಫನ್ನು ಒಳಗೆ ತುರುಕಿದಳು. ಕೊಯ್ದ ಚೂರನ್ನೇ ಮುಚ್ಚಳ ಮಾಡಿದಳು. ಹೆಬ್ಬೆರಳಿನಿಂದ ಅದನ್ನು ಸರಿಸಿ ಬಟ್ಟೆ ಎಳೆದರಾಯಿತು, ಬರಿದಾದ ಗೂಡು ಬಟ್ಟೆಯ ಮಡಿಕೆಯಲ್ಲೇ ಅಡಗುತ್ತಿತ್ತು. ಹದಿನೈದು ದಿನ ಅಭ್ಯಾಸ ಮಾಡಿದೆ. ಒಮ್ಮೆಯೂ ತಪ್ಪಲಿಲ್ಲ. ಸಂತೋಷವೂ ಆಗಲಿಲ್ಲ.

ಶಾಲೆಯ ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು, ಮೊಮ್ಮಗಳ ಡ್ಯಾನ್ಸು ನೋಡಲು ಬಂದವರು. ನಾನು ಗೂಡನ್ನು ಎತ್ತಿ ತೋರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಾಲಿಗೆಗೆ ಸಂಧಿವಾತ ಬಂದಿರಲಿಲ್ಲ. ಹಳೆಯ ಅಭ್ಯಾಸದಂತೆ ಅದು “ಪರೀಕ್ಷೆ ಮಾಡಿ ತಾಯಿ” ಎಂದಿತು. ಕೈ, ಅಪರೂಪಕ್ಕೆ ವಿಧೇಯವಾಗಿ, ಗೂಡನ್ನು ಅಜ್ಜಿಗೆ ಕೊಟ್ಟಿತು.

ಅಜ್ಜಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು.

“ಇದ್ರಾಗೆ ಹುಳಾನೇ ಇಲ್ವಲ್ಲಪ್ಪ.”

“ಇದೆ ತಾಯಿ, ಮಲಗಿದೆ.”

“ನಂಗೇ ಹೇಳ್ಕೊಡ್ತೀಯಾ? ಹುಟ್ಟಿದಾಗಿಂದ ಹುಳ ಸಾಕಿದೀನಿ ಕಣಪ್ಪ!”

ಅವರ ಉಗುರಿಗೆ ಮುಚ್ಚಳ ಸಿಕ್ಕಿತು. “ಅಯ್ಯೋ, ಬಟ್ಟೆ ತುರುಕವ್ನೆ!” ಎನ್ನುತ್ತಾ ಒಂದೇ ಉಸಿರಿಗೆ ಕರ್ಚೀಫನ್ನು ಪೂರ್ತಿ ಎಳೆದರು. ಮಕ್ಕಳಿಂದ ಭಾರೀ ಚಪ್ಪಾಳೆ. “ಅಜ್ಜಿ, ಒನ್ಸ್ ಮೋರ್!” ಎಂದು ಹಿಂದಿನ ಸಾಲು ಕೂಗಿತು. ಇಷ್ಟು ಚಪ್ಪಾಳೆ ನನಗೆ ಬಿದ್ದು ಎಷ್ಟೋ ಕಾಲವಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅಜ್ಜಿಯೇ ಹತ್ತಿರ ಬಂದರು. “ಬೇಜಾರ್ ಮಾಡ್ಕೋಬೇಡಪ್ಪ. ಒಳಗೆ ಒಂದು ಅವರೆಕಾಳು ಹಾಕಿದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ.”

ಮನೆಗೆ ಬಂದು ಹೇಳಿದೆ. ಹೆಂಡತಿ ಡಬ್ಬಿಯಿಂದ ಒಂದು ಒಣ ಅವರೆಕಾಳು ತಂದು ಗೂಡಿಗೆ ಹಾಕಿ, ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದು ಸರಿಯಾಗಿಯೇ ಬಂತು. ಅದರಲ್ಲಿ ನನ್ನ ಬೆರಳುಗಳ ಕೆಲಸ ಮಾತ್ರ ಏನೂ ಇರಲಿಲ್ಲ.

ಮುಂದಿನ ವಾರ ಚಿಂತಾಮಣಿಯಿಂದ ಪ್ರದರ್ಶನಕ್ಕೆ ಕರೆದರು. ನಾನು ಹೋಗಲಿಲ್ಲ.