ಸಿಸ್ಟರಮ್ಮನ ಬೇಸಿಗೆ ಅಂಗಿಗಳು

ಸಿಸ್ಟರಮ್ಮನ ತೋಳಿಗೆ ಎರಡು ಬಣ್ಣವಿತ್ತು. ಮೊಣಕೈ ಕೆಳಗೆ ಸುಟ್ಟ ಇಟ್ಟಿಗೆಯ ಬಣ್ಣ, ಮೇಲೆ ಗೋಧಿ ಹಿಟ್ಟಿನ ಬಣ್ಣ, ನಡುವೆ ಸೀಮೆಸುಣ್ಣದಿಂದ ಎಳೆದಂಥ ಗೆರೆ. ನರ್ಸ್ ಕೆಲಸದ ಬಿಳಿ ಅಂಗಿಯ ತೋಳು ಎಲ್ಲಿಗೆ ಮುಗಿಯುತ್ತಿತ್ತೋ ಬಿಸಿಲೂ ಅಲ್ಲಿಗೇ ನಿಂತಿತ್ತು. ರಿಟೈರ್ ಆದ ಮೇಲೂ ಆ ಗೆರೆ ಅಳಿಯಲಿಲ್ಲ.

ಕಲಬುರಗಿಯ ಶಹಾಬಜಾರದ ಸಂದಿಯೊಂದರಲ್ಲಿ, ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ತಮ್ಮನನ್ನು ಓದಿಸಿ, ಕಮಲಾಪುರದಲ್ಲಿ ಅವನ ಸಂಸಾರ ನಿಲ್ಲಿಸುವುದರಲ್ಲೇ ಮದುವೆಯ ವಯಸ್ಸು ದಾಟಿತ್ತು. ನಾನೂ ಕಮಲಾಪುರದವನು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಮುಂಜಾನೆ ಬಸ್ಸಿಗೆ ಕಲಬುರಗಿಗೆ ಬಂದು ಹೊಲಿಗೆ ಮಿಷಿನ್ ರಿಪೇರಿ ಮಾಡಿ ಸಂಜೆ ಹೋಗುತ್ತೇನೆ. ಶಾಲೆ ಏಳನೇ ಇಯತ್ತೆಗೇ ಬಿಟ್ಟೆ. ಆದರೆ ನಾನು ಕೈ ಹಚ್ಚಿದ ಮಿಷಿನ್ ಮತ್ತೊಬ್ಬನ ಕೈ ಕೇಳಿದ್ದಿಲ್ಲ. ಸಿಸ್ಟರಮ್ಮನಿಗೂ ಒಂದು ಹಳೆಯ ಮಿಷಿನ್ ಸರಿಮಾಡಿ ಕೊಟ್ಟಿದ್ದೆ.

ಹಾಗಾಗಿ ಸಿಸ್ಟರಮ್ಮ ಫೋನ್ ಮಾಡಿ, "ಮಿಸ್ತ್ರಿ, ನೀ ಕೊಟ್ಟ ಮಿಷಿನ್ ಬಟ್ಟಿ ತಿನ್ಲಾಕತ್ತದ ನೋಡಪ್ಪ" ಅಂದಾಗ ನನಗೆ ಸಿಟ್ಟೇ ಬಂತು.

ಹೋಗಿ ನೋಡಿದರೆ ನೆಲದ ತುಂಬ ಅಂಟಿಸಿದ ಹಾಳೆಗಳು. ಯಾರೋ ಪುಕ್ಕಟೆ ಕೊಡುವ ಅಂಗಿ ನಕ್ಷೆಗಳನ್ನು ಫೋನಿನಲ್ಲಿ ಹುಡುಕಿ, ಕಂಪ್ಯೂಟರ್ ಅಂಗಡಿಯಲ್ಲಿ ತುಂಡು ತುಂಡಾಗಿ ಪ್ರಿಂಟ್ ತೆಗೆಸಿ, ಜೋಡಿಸಿ, ಅದರಂತೆ ಬಟ್ಟೆ ಕತ್ತರಿಸಿದ್ದರು. ಕೈಯಲ್ಲಿ ನೀಲಿ ಚೌಕಳಿಯ ನಿಲುವಂಗಿ. ತೋಳಿಲ್ಲ.

"ತಲಿ ಹೋಗ್ತದ, ಹೆಗಲ ಹೋಗವಲ್ದು. ಅಳತಿ ಬರೋಬ್ಬರಿ ಹಿಡ್ದೀನಿ. ಮಿಷಿನ್ನೇ ಎಳಕೊಂಡದ."

"ಮಿಷಿನ್ ದಾರ ಹರೀತದ್ರಿ, ಸೂಜಿ ಮುರೀತದ. ಅಂಗಿ ಸಣ್ಣ ಮಾಡಂಗಿಲ್ಲ," ಅಂದೆ.

ಇಬ್ಬರೂ ನೆಲಕ್ಕೆ ಕುಳಿತು ಹಾಳೆ ನೋಡಿದೆವು. ಮೊದಲ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕವಿತ್ತು. ಅದರ ಕೆಳಗಿನ ಸಣ್ಣ ಅಕ್ಷರವನ್ನು ಅವರು ಕನ್ನಡಕ ಏರಿಸಿ ಓದಿದರು. ಈ ಚೌಕ ಒಂದು ಇಂಚು ಇರದಿದ್ದರೆ ಬಟ್ಟೆಗೆ ಕತ್ತರಿ ಹಾಕಬೇಡಿ ಎಂದಿತ್ತಂತೆ. ನನ್ನ ಸ್ಟೀಲ್ ಪಟ್ಟಿ ಇಟ್ಟೆ. ಕಡಿಮೆ ಬಂತು. ಅಂಗಡಿಯವನು ಹಾಳೆಯೊಳಗೆ ಹಿಡಿಯಲೆಂದು ಇಡೀ ನಕ್ಷೆಯನ್ನೇ ಕುಗ್ಗಿಸಿದ್ದ.

ಸಿಸ್ಟರಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕರು. "ಜನ್ಮೆಲ್ಲ ಮಂದಿಗಿ ಔಷಧಿ ಚೀಟಿ ಓದಿ ಹೇಳಿದಾಕಿ ನಾ! ನನ್ನ ಅಂಗೀದು ಓದ್ಲಿಲ್ಲ ನೋಡು."

ಟೇಲರ್ ಕಡೆ ಯಾಕೆ ಕೊಡಲಿಲ್ಲ ಅಂತ ಕೇಳಿದೆ.

"ಕೊಡ್ಲಾಕ ಹೋಗಿದ್ದೆ. ಈ ವಯಸ್ಸಿಗಿ ಫ್ರಾಕ್ ಯಾಕ್ರಿ ಅಂದ. ಈ ನಕ್ಷಿ ಕೊಟ್ಟವರು ಯಾರೋ, ಎಲ್ಲಿ ಕುಂತಾರೋ. ಪುಕ್ಕಟ ಕೊಟ್ಟಾರ, ನನ್ನ ವಯಸ್ಸು ಕೇಳಿಲ್ಲ. ಗಂಜಿ ಹಾಕಿದ ಬಿಳಿ ಅಂಗ್ಯಾಗ ಎಷ್ಟ ಬ್ಯಾಸಗಿ ಕಳದೀನಿ, ಮಿಸ್ತ್ರಿ. ಇನ್ನರ ಜರಾ ಗಾಳಿ ಆಡ್ಲಿ."

ಆ ಬೇಸಿಗೆಯಲ್ಲಿ ಅವರು ಹೊಲಿದದ್ದೇ ಹೊಲಿದದ್ದು. ಹಳದಿ ಹೂವಿನದು, ನಮ್ಮೂರ ಕೆಂಪು ಬಾಳೆಹಣ್ಣಿನ ಬಣ್ಣದ್ದು, ಜೇಬಿದ್ದದ್ದು, ಹೆಗಲ ಮೇಲೆ ಗಂಟು ಕಟ್ಟುವಂಥದ್ದು. ಆದರೆ ಹಾಕಿಕೊಳ್ಳುತ್ತಿದ್ದದ್ದು ಕದಕ್ಕೆ ಚಿಲಕ ಹಾಕಿಕೊಂಡು. ಯಾರಾದರೂ ಕದ ಬಡಿದರೆ ಮೇಲೊಂದು ಸೀರೆ ಸುತ್ತಿಕೊಂಡು ಬರುವರು.

ಒಂದು ದಿನ ಅಂದರು: "ಒಮ್ಮಿ ಇವು ಹಾಕ್ಕೊಂಡು ತಮ್ಮನ ಮನಿಗಿ ಬರ್ತೀನಿ. ನಮ್ಮವರೇ ಒಪ್ಪಿದ್ರ, ಆಮ್ಯಾಲ ಈ ಸಂದ್ಯಾಗ ಯಾರೇನ್ ಅಂದ್ರೂ ನನಗೇನಿಲ್ಲ. ಬಸ್ಸಿಗಿ ನೀ ಜೋಡಿ ಇರು ಅಷ್ಟ."

ಮುಂದಿನ ಭಾನುವಾರ ಮುಂಜಾನೆ ಹಳದಿ ಹೂವಿನದನ್ನು ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಬಟ್ಟೆ ಮುಟ್ಟಿ ನೋಡಿ, "ಎಲ್ಲಿ ತಗೊಂಡ್ರಿ ಯವ್ವಾ?" ಅಂದಳು. "ನಾನೇ ಹೊಲ್ದೀನಿ" ಎಂದು ಸಿಸ್ಟರಮ್ಮ ಅಂದದ್ದು ಹಿಂದಿನ ಸೀಟಿನ ತನಕ ಕೇಳಿತು.

ತಮ್ಮನ ಮನೆಯಲ್ಲಿ ಕೂಡ್ರಿ ಅಂತ ಯಾರೂ ಅನ್ನಲಿಲ್ಲ. ತಮ್ಮನ ಹೆಂಡತಿ ಒಳಗಿಂದ ಒಂದು ಸೀರೆ ತಂದಳು. "ಅಕ್ಕಾರ, ಮೊದ್ಲ ಇದು ಉಟ್ಕೋರಿ. ಬೀಗರು ಬರೋ ಹೊತ್ತಾಗ್ಯದ."

ತಮ್ಮ ಫೋನಿನಿಂದ ತಲೆ ಎತ್ತಲಿಲ್ಲ. "ಉಟ್ಕೊಂಡ್ಬಿಡಕ್ಕ, ಏನ್ ಗಂಟು ಹೋಗ್ತದ?"

ನಾನು ಗೇಟಿನ ಹೊರಗೆ ನಿಂತಿದ್ದೆ. ಸಿಸ್ಟರಮ್ಮ ಸೀರೆಯನ್ನು ಹಾಸಿಗೆ ಚಾದರದ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಚಿ, ಹೊರಸು ಮಂಚದ ಮೇಲಿಟ್ಟು ಹೊರಗೆ ಬಂದರು. ಓಣಿಯ ತಿರುವಿನ ತನಕ ನಡೆದರು. ಆಮೇಲೆ, "ನಿನ್ನ ಮನ್ಯಾಗ ನೀರು ಸಿಗ್ತಾವೇನೋ?" ಅಂದರು.

ನಾನು ಬಡಿದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟೆ. ರೊಟ್ಟಿ ಎತ್ತಿ ಹಿಡಿದು, "ಇದು ಯಾವ ಪುಕ್ಕಟ ನಕ್ಷಿ ನೋಡಿ ಬಡದೀಪ್ಪಾ?" ಅಂದರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ನನ್ನೆದುರಿಗೆ ಕುಳಿತು ಉಣ್ಣುವವರು ಇದ್ದರೆ ಮೊಸರು ಹುಳಿಯಾಗಿದೆ ಅನ್ನುವುದೂ ಗೊತ್ತಾಗುತ್ತದೆ. ಒಬ್ಬನೇ ಉಣ್ಣುವಾಗ ಅದೂ ಗೊತ್ತಾಗುತ್ತಿರಲಿಲ್ಲ. ಉಂಡು ಅಂಗಳದ ಬೇವಿನ ನೆರಳಿಗೆ ಕಾಲು ಚಾಚಿ ಕುಳಿತರು. ಅಳಲಿಲ್ಲ. ಅಂಗಿಯ ಅಂಚನ್ನು ಬೆರಳಿನಿಂದ ತಿಕ್ಕುತ್ತ, ತಮ್ಮನ ಓಣಿಯ ಕಡೆ ನೋಡುತ್ತಲೇ ಇದ್ದರು.

ಆಮೇಲೂ ಅವರು ಸಂದಿಯಲ್ಲಿ ಆ ಅಂಗಿಗಳಲ್ಲಿ ಕಾಣಲಿಲ್ಲ. ಮಿಷಿನ್‌ಗೆ ಎಣ್ಣೆ ಹಾಕಲು ಹೋದಾಗ ಕದ ತೆಗೆಯುವುದು ತಡವಾಗುತ್ತಿತ್ತು. ಒಳಗೆ ಸೀರೆ ಸುತ್ತಿಕೊಳ್ಳುವ ಸದ್ದು ಹೊರಗೆ ನಿಂತ ನನಗೆ ಕೇಳುತ್ತಿತ್ತು.

ಚಳಿಗಾಲದಲ್ಲಿ ಹೋಗಿಬಿಟ್ಟರು. ಎದೆನೋವು ಅಂದರು. ಕಮಲಾಪುರಕ್ಕೆ ತಂದು, ಹಸಿರು ಸೀರೆ ಉಡಿಸಿ ಮಲಗಿಸಿದ್ದರು. ಉದ್ದ ತೋಳಿನ ಕುಪ್ಪಸ. ಹಿಂದೆ ನಿಂತು ನೋಡಿದೆ. ಅವರ ಅಂಗಿ ಹಾಕಿರಿ ಅಂತ ಹೇಳಲು ಮಿಷಿನ್ ಮಿಸ್ತ್ರಿ ಯಾರು?

ಕೋಣೆ ಖಾಲಿ ಮಾಡಿದ ಮೇಲೆ ತಮ್ಮನ ಹೆಂಡತಿ ಆ ಅಂಗಿಗಳನ್ನು ಗಂಟು ಕಟ್ಟಿ ಕೊಟ್ಟಳು. "ಅರಿವಿ ಮೆತ್ತಗ ಅದಾವ. ಮಿಷಿನ್ ಒರಸ್ಲಾಕ ಆಗ್ತಾವ, ಒಯ್ರಿ."

ಬೇಸಿಗೆ ಬಂದಾಗ ಎಲ್ಲವನ್ನೂ ಒಗೆದೆ. ಹಿತ್ತಲಿನಲ್ಲಿ ಹಗ್ಗವಿದೆ. ಆದರೂ ಮನೆ ಮುಂದೆ, ರಸ್ತೆ ಕಡೆಗೆ ಹೊಸ ಹಗ್ಗ ಕಟ್ಟಿ ಒಣಹಾಕಿದೆ. ಎದುರು ಮನೆಯ ಮುದುಕಿ ಹುಬ್ಬಿಗೆ ಕೈ ಹಚ್ಚಿ ನೋಡಿದಳು.

"ಏನೋ ಮಿಸ್ತ್ರಿ, ಮನ್ಯಾಗ ಯಾರ್ ಬಂದಾರ? ಇವು ಯಾರ್ವು?"

"ನಮ್ಮ ಅಕ್ಕನವು."

"ನಿನಗ ಅಕ್ಕ ಇದ್ದಳೇನು?"

"ಇದ್ದಳು," ಅಂದೆ.

ಬಿಸಿಲು ಜೋರಿತ್ತು, ಬೇಗ ಒಣಗಿದವು. ಒಣಗಿದ ಮೇಲೂ ಸಂಜೆ ತನಕ ತೆಗೆಯಲಿಲ್ಲ.