ಅಳತೆ ರವಿಕೆ

ಅವರ ಹೆಂಡತಿಯ ಮುಖ ನೋಡುವುದಕ್ಕೆ ಎರಡು ವರ್ಷ ಮೊದಲೇ ಅವಳ ಎದೆ, ಸೊಂಟ, ತೋಳಿನ ಅಳತೆ ನನಗೆ ಬಾಯಿಪಾಠವಾಗಿತ್ತು. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಹೊಲಿಗೆ ಅಂಗಡಿ. ಅವರು ಅಡ್ಡಗದ್ದೆಯಿಂದ ದಿನಾ ಬಸ್ಸು ಹಿಡಿದು ಇಲ್ಲಿಯ ಆಫೀಸಿಗೆ ಬರುತ್ತಿದ್ದವರು. ನಮ್ಮ ಕಡೆ ಹೆಂಗಸರು ಅಳತೆ ಕೊಡಲು ತಾವೇ ಬರುವುದು ಕಡಿಮೆ. ಹಳೆಯ ರವಿಕೆಯೊಂದನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಪೇಟೆಗೆ ಹೋಗುವವರ ಕೈಲಿ ಕಳಿಸುತ್ತಾರೆ. ಹಾಗೆ ಹೆಂಡತಿಯ ಕವರು ಹಿಡಿದು ಬಂದ ಇವರನ್ನು ನಾನು ಪ್ರೀತಿಸಿಬಿಟ್ಟೆ. ಬುದ್ಧಿ ಇರಲಿಲ್ಲವೇ? ಇತ್ತು, ಕೆಲಸಕ್ಕೆ ಬರಲಿಲ್ಲ.

ಸಂಜೆ ಆಫೀಸು ಬಿಟ್ಟ ಕೂಡಲೇ ಅವರದೊಂದು ಮಿಸ್ಡ್ ಕಾಲ್ ಬರುತ್ತಿತ್ತು. ಬಸ್ಸು ಬರುವವರೆಗಿನ ಇಪ್ಪತ್ತು ನಿಮಿಷದ ಮಾತಿಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

"ಮನೇಲಿ ನಾವಿಬ್ರೂ ಮಾತಾಡೋದೇ ಇಲ್ಲ ಮಾರಾಯ್ತಿ. ಒಂದೇ ಸೂರು, ಅಷ್ಟೆ," ಎನ್ನುತ್ತಿದ್ದರು.

ನಂಬಿದೆ. ನಂಬದಿದ್ದರೆ ಮರುದಿನ ಮತ್ತೆ ಕಾಯುವುದು ಹೇಗೆ? ಒಮ್ಮೆ ನನಗೆಂದೇ ಹಸಿರು ರೇಷ್ಮೆಯ ರವಿಕೆ ಕಣ ತಂದುಕೊಟ್ಟರು. ಹೊಲಿದು ತೊಟ್ಟರೆ ಯಾರು ಕೊಟ್ಟಿದ್ದೆಂದು ಅಮ್ಮ ಕೇಳುತ್ತಾಳೆ. ಮೆಷಿನ್ನಿನ ಡ್ರಾಯರಿನಲ್ಲಿಟ್ಟು ದಿನಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಒಂದು ದಿನ ಕವರು ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. "ಸ್ವಲ್ಪ ಸಡಿಲ ಇರ್ಲಿ. ಒಳಗೆ ಬಟ್ಟೆ ಜಾಸ್ತಿ ಬಿಡ್ಬೇಕಂತೆ."

ಹಸಿರು ಬಟ್ಟೆ, ಸಡಿಲ ರವಿಕೆ. ಸೀಮಂತವೆಂದು ಹೊಲಿಯುವವಳಿಗೆ ಯಾರೂ ಹೇಳಬೇಕಿಲ್ಲ. ಮಾತೇ ಆಡದವರ ಮನೆಯಲ್ಲಿ ಸೀಮಂತ!

ಹೊಟ್ಟೆ ಉರಿದುಹೋಯಿತು. ಹಳೆಯ ಅಳತೆಗೇ ಕತ್ತರಿಸಿದೆ. ಮುಂದೆ ಬಿಚ್ಚಿ ಸಡಿಲಿಸಲೂ ಆಗದಂತೆ, ಹೊಲಿಗೆಯೊಳಗೆ ಬಿಡುವ ಬಟ್ಟೆಯನ್ನೂ ಬುಡಕ್ಕೇ ಕತ್ತರಿಸಿ ಎಸೆದೆ.

ಸೀಮಂತದ ಹಿಂದಿನ ದಿನ ಬೆಳಿಗ್ಗೆ, ಏಳು ತಿಂಗಳ ಹೊಟ್ಟೆ ಹೊತ್ತು ಅವಳೇ ಬಸ್ಸಿಳಿದು ಬಂದಳು. ನನಗಿಂತ ಚಿಕ್ಕವಳು.

"ಹುಕ್ಕೇ ಕೂರ್ತಿಲ್ಲ ಅಕ್ಕ. ಸ್ವಲ್ಪ ಬಿಚ್ಚಿ ಕೊಡ್ತೀರಾ? ನೀವು ಯಾವಾಗ್ಲೂ ಬಟ್ಟೆ ಬಿಟ್ಟೇ ಹೊಲಿಯೋದು ಅಂದ್ರು ಇವ್ರು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಳೆ ಏನು ತೊಡುವುದೆಂದು ಅವಳ ಮುಖ ಅಳು ಬಂದ ಹಾಗಿತ್ತು.

"ತಪ್ಪು ನಂದೇ. ಕೂತ್ಕೊಳ್ಳಿ," ಅಂದೆ.

ಟೇಪು ಹಿಡಿದು ಅವಳ ಸುತ್ತ ಕೈ ಹಾಕಿದಾಗ ಮಗು ಒದ್ದದ್ದು ನನ್ನ ಕೈಗೂ ತಗುಲಿತು. ಸತ್ತುಹೋಗಬೇಕೆನಿಸಿತು. ಡ್ರಾಯರ್ ಎಳೆದು ನನ್ನ ಕಣ ತೆಗೆದೆ. ನಡುವೆಯೇ ಕತ್ತರಿ ಹಾಕಿ ಎರಡು ಪಟ್ಟಿ ಮಾಡಿ ಅವಳ ರವಿಕೆಯ ಕಂಕುಳ ಕೆಳಗೆ ಕೂರಿಸಿದೆ. ಕಣ್ಣು ತುಂಬಿ ಸೂಜಿ ಕಾಣುತ್ತಿರಲಿಲ್ಲ.

ತೊಟ್ಟು ಕನ್ನಡಿ ನೋಡಿ ಅವಳಿಗೆ ಖುಷಿಯೋ ಖುಷಿ. "ಬಾಣಂತನ ಮುಗಿದ್ಮೇಲೆ ಹಳೇ ರವಿಕೆ ಎಲ್ಲ ಇವ್ರ ಕೈಲೇ ಕಳಿಸ್ತೀನಿ ಅಕ್ಕ, ಸಡಿಲ ಮಾಡಿ ಕೊಡಿ."

ಬೇಡ, ಬೇರೆ ಕಡೆ ಕೊಡಿ ಅನ್ನಬೇಕಿತ್ತು.

"ಕಳಿಸಿ," ಅಂದೆ. ಆ ಸಂಜೆಯೂ ಫೋನನ್ನು ಮೆಷಿನ್ನಿನ ಮೇಲೆ ಎದುರಿಗೇ ಇಟ್ಟುಕೊಂಡು ಕೂತಿದ್ದೆ.